ಕಿವಿಗೆ ಬಿದ್ದದ್ದು, ಕೇಳಿ ಪಡೆದದ್ದು

ಬಿಕರ್ನಕಟ್ಟೆಯ ಹಾಡುಪ್ರೇಮಿಯೊಬ್ಬರ ಮೆಚ್ಚಿನ ಹಾಡುಗಳನ್ನು ಬರೆದಿಡುತ್ತ ಹೋದರೆ ಆ ಪಟ್ಟಿ ಒಂದೇ ಭಾಷೆಯಲ್ಲಿ ಮುಗಿಯುವುದು ಅಪರೂಪ. ರಾಜ್‌ಕುಮಾರ್ ಚಿತ್ರದ್ದೊಂದು, ವಿಲ್ಫಿ ರೆಬಿಂಬಸ್ ಅವರ ಕೊಂಕಣಿ ಗೀತೆಯೊಂದು, ಎಪ್ಪತ್ತರ ದಶಕದ ತುಳು ಸಿನಿಮಾದ್ದೊಂದು, ಮುಹಮ್ಮದ್ ರಫಿಯದೊಂದು, ಬಲಿಪರ ಕಂಠದ ಯಕ್ಷಗಾನದ ಪದವೊಂದು ಅಕ್ಕಪಕ್ಕದಲ್ಲೇ ಬಂದು ಕೂರುತ್ತವೆ. ಪಟ್ಟಿ ಮಾಡಿದವರ ಮನೆಮಾತು ಯಾವುದೆಂದು ಅದನ್ನು ನೋಡಿ ಹೇಳುವುದು ಕಷ್ಟ. ಕೊಂಕಣಿ ಒಂದು ಶಬ್ದವೂ ಬಾರದವರಿಗೆ ಕೊಂಕಣಿ ಹಾಡಿನ ಪಲ್ಲವಿ ಬಾಯಿಗೆ ಬರುತ್ತದೆ. ಇಗರ್ಜಿಯ ಗಾಯನ ಮಂಡಳಿಯಲ್ಲಿ ಹಾಡುವವರಿಗೆ ಚೆಂಡೆಯ ಉರುಳಿಕೆ ಕೇಳಿದರೆ ಕಾಲು ನಿಲ್ಲುವುದಿಲ್ಲ.

ಊರು ಇರುವ ಜಾಗವನ್ನು ಗಮನಿಸಿದರೆ ಇದರ ಕಾರಣ ಅರ್ಧ ತಿಳಿಯುತ್ತದೆ. ಮಂಗಳೂರಿನ ನಂತೂರು ವೃತ್ತದಿಂದ ಮೂಡುಬಿದಿರೆಯ ಕಡೆಗೆ ಹೊರಟ ಹೆದ್ದಾರಿ ಮೊದಲು ಹಾಯುವುದು ಬಿಕರ್ನಕಟ್ಟೆಯನ್ನು. ರಸ್ತೆಯ ಪಕ್ಕದ ಕಾರ್ಮೆಲ್ ಗುಡ್ಡದ ಮೇಲೆ ಕಾರ್ಮೆಲ್ ಸಭೆಯ ಗುರುಗಳು ನಡೆಸುವ ಬಾಲಯೇಸುವಿನ ಪುಣ್ಯಕ್ಷೇತ್ರವಿದೆ. ಮುಂದೆ ಹೋದರೆ ಕುಲಶೇಖರ, ಅಲ್ಲಿ ಕೊರ್ಡೆಲ್ ಎಂದೇ ಹೆಸರಾದ ಪವಿತ್ರ ಶಿಲುಬೆಯ ಇಗರ್ಜಿ. ಒಳರಸ್ತೆ ಹಿಡಿದರೆ ಶಕ್ತಿನಗರ, ಅಲ್ಲಿ ಕೊಂಕಣಿ ಕಲೆಗಳ ಕೇಂದ್ರವಾದ ಕಲಾಂಗಣ. ಹಿಂದಿರುಗಿ ನಂತೂರು ದಾಟಿದರೆ ಕದ್ರಿ. ಮಂಜುನಾಥನ ದೇವಸ್ಥಾನ, ಕದ್ರಿ ಗುಡ್ಡದ ಮೇಲಿನ ಆಕಾಶವಾಣಿ, ಸ್ಯಾಕ್ಸೊಫೋನಿನೊಂದಿಗೆ ಊರಿನ ಹೆಸರನ್ನೂ ಲೋಕಕ್ಕೆ ಕೇಳಿಸಿದ ಗೋಪಾಲನಾಥರ ನೆನಪು ಎಲ್ಲವೂ ಆ ಕಡೆಗೆ. ಇವೆಲ್ಲ ಒಂದಕ್ಕೊಂದು ಆಟೋದ ದೂರದಲ್ಲಿವೆ.

ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಧಾತು ಎರಡು ಕೆಲಸ ಮಾಡುತ್ತದೆ. ಕಿವಿಗೊಟ್ಟು ಆಲಿಸುವುದೂ ಕೇಳುವುದೇ, ಬೇಕೆಂದು ಬೇಡುವುದೂ ಕೇಳುವುದೇ. ತುಳುವಿನ ‘ಕೇಣ್’ ಕೂಡ ಹಾಗೆಯೇ. ಕೊಂಕಣಿಯಲ್ಲಿ ಮಾತ್ರ ಎರಡಕ್ಕೂ ಬೇರೆ ಬೇರೆ ಶಬ್ದ: ಆಲಿಸುವುದಕ್ಕೆ ‘ಆಯ್ಕ್’, ವಿಚಾರಿಸುವುದಕ್ಕೆ ‘ವಿಚಾರ್’. ಹಾಡಿನ ಕೇಳುಗನ ಚರಿತ್ರೆಯೂ ಇವೆರಡು ಅರ್ಥಗಳ ನಡುವೆಯೇ ನಡೆದಿದೆ. ತಾನಾಗಿ ಕಿವಿಗೆ ಬಿದ್ದ ಹಾಡುಗಳು ಒಂದು ರಾಶಿ. ಕಾರ್ಡು ಬರೆದು, ಕ್ಯಾಸೆಟ್ ತುಂಬಿಸಿ, ಬೆರಳಲ್ಲಿ ಒತ್ತಿ ಕೇಳಿ ಪಡೆದವು ಇನ್ನೊಂದು ರಾಶಿ. ಮೆಚ್ಚಿನ ಹಾಡು ಹೆಚ್ಚಾಗಿ ಮೊದಲನೆಯ ರಾಶಿಯಲ್ಲಿ ಹುಟ್ಟಿ ಎರಡನೆಯದಕ್ಕೆ ದಾಟುತ್ತದೆ.

ಕಿವಿಗೆ ಬೀಳುವವುಗಳಲ್ಲಿ ಬಿಕರ್ನಕಟ್ಟೆಗೆ ವಿಶೇಷವಾದದ್ದು ಗುಡ್ಡದ ಮೇಲಿನ ಹಾಡು. ಬಾಲಯೇಸುವಿನ ವಾರ್ಷಿಕ ಹಬ್ಬ ಜನವರಿ ತಿಂಗಳ ಮಧ್ಯಭಾಗದಲ್ಲಿ. ಅದಕ್ಕೆ ಮುನ್ನ ಒಂಬತ್ತು ದಿನ ನೊವೆನಾ. ಬೇರೆ ಬೇರೆ ಭಾಷೆಗಳ ಪೂಜೆಗಳಿಗೆ ಜಾತಿಮತದ ಗಣನೆಯಿಲ್ಲದೆ ಜನ ಮೆಟ್ಟಿಲೇರುತ್ತಾರೆ, ಆ ದಿನಗಳಲ್ಲಿ ಸುತ್ತಲಿನ ಮನೆಗಳಲ್ಲಿ ಅಡುಗೆಯೂ ಆ ರಾಗಗಳ ಜೊತೆಗೇ ನಡೆಯುತ್ತದೆ. ಈ ಭಕ್ತಿಗೀತೆಗಳು ಜನರ ಭಾಷೆಯಲ್ಲಿ ಪೂಜೆಯೊಳಗೆ ಬಂದದ್ದು ಬಹಳ ಹಿಂದೇನಲ್ಲ. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತನಕ ಪೂಜೆ ಲ್ಯಾಟಿನ್ ಭಾಷೆಯಲ್ಲಿತ್ತು. ಅನಂತರ ಆಯಾ ಊರಿನ ಭಾಷೆಗೆ ಅವಕಾಶವಾದಾಗ ಮಂಗಳೂರಿನಲ್ಲಿ ಕೊಂಕಣಿಯಲ್ಲಿ ಹೊಸ ಹಾಡುಗಳ ಸುಗ್ಗಿಯೇ ಆಯಿತು. ಅವು ಅಚ್ಚಾದದ್ದು ಕನ್ನಡ ಲಿಪಿಯಲ್ಲಿ. ಮಂಗಳೂರಿನ ಕೊಂಕಣಿ ಪತ್ರಿಕೆಗಳು, 1912ರ ‘ಕೊಂಕಣಿ ದಿರ್ವೆಂ’ ಆಗಲಿ 1938ರಲ್ಲಿ ಶುರುವಾದ ‘ರಾಕ್ಣೊ’ ಆಗಲಿ, ಕನ್ನಡ ಅಕ್ಷರಗಳಲ್ಲೇ ಬೆಳೆದವು. ಆದ್ದರಿಂದ ಕನ್ನಡ ಓದಬಲ್ಲ ಯಾರೇ ಆದರೂ ಹಾಡಿನ ಪುಸ್ತಕ ಹಿಡಿದು ದನಿಗೂಡಿಸಬಹುದು. ಅರ್ಥ ಆಮೇಲೆ ವಿಚಾರಿಸಿದರಾಯಿತು.

ಮದುವೆ ಮನೆಯ ಸಂಗೀತ ಇನ್ನೊಂದು. ಮಂಗಳೂರಿನ ಕ್ರೈಸ್ತರ ಮದುವೆಯ ಮುನ್ನಾದಿನ ‘ರೋಸ್’ ಎಂಬ ಶಾಸ್ತ್ರವಿದೆ. ಮದುಮಗನಿಗೂ ಮದುಮಗಳಿಗೂ ಅವರವರ ಮನೆಯಲ್ಲಿ ತೆಂಗಿನಕಾಯಿಯ ಹಾಲು ಹಚ್ಚಿ ಮೀಯಿಸುವ ಈ ಶಾಸ್ತ್ರದಲ್ಲಿ ಹಿರಿಯ ಹೆಂಗಸರು ‘ವೊವಿಯೊ’ ಎಂಬ ಹಾಡುಗಳನ್ನು ಹೇಳುತ್ತಾರೆ. ಒಬ್ಬರು ಎತ್ತಿಕೊಟ್ಟದ್ದನ್ನು ಉಳಿದವರು ಹಿಡಿಯುವ ಕ್ರಮ. ಮರಾಠಿಯ ಓವಿಗೆ ಇವು ಹತ್ತಿರದ ನಂಟರು. ಜೊತೆಗೆ ಗುಮಟೆ ಬಾರಿಸುವುದೂ ಇತ್ತು: ಎರಡೂ ಕಡೆ ಬಾಯಿರುವ ಮಣ್ಣಿನ ಮಡಕೆ, ದೊಡ್ಡ ಬಾಯಿಗೆ ಉಡದ ಚರ್ಮ, ಸಣ್ಣ ಬಾಯಿಯನ್ನು ಅಂಗೈಯಲ್ಲಿ ಮುಚ್ಚಿ ತೆರೆದು ದನಿಯನ್ನು ಏರಿಳಿಸುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಉಡವನ್ನು ಕೊಲ್ಲುವಂತಿಲ್ಲ, ಹಾಗಾಗಿ ಈಗಿನ ಗುಮಟೆಗೆ ಆಡಿನ ಚರ್ಮ. ಗೋವಾ ಸರಕಾರ 2019ರಲ್ಲಿ ಇದನ್ನು ತನ್ನ ಪಾರಂಪರಿಕ ವಾದ್ಯವೆಂದು ಘೋಷಿಸಿತು. ಗೋವಾದಿಂದ ಬಂದು ಕರಾವಳಿಯ ಒಳನಾಡಿನಲ್ಲಿ ನೆಲೆಸಿದ ಕುಡುಬಿ ಸಮುದಾಯದವರು ಇದೇ ಗುಮಟೆಯನ್ನು ಹೋಳಿಯ ಕುಣಿತಕ್ಕೆ ಬಾರಿಸುತ್ತಾರೆ. ಒಂದೇ ವಾದ್ಯ ಒಬ್ಬರ ಮನೆಯಲ್ಲಿ ರೋಸಿಗೆ, ಇನ್ನೊಬ್ಬರ ಅಂಗಳದಲ್ಲಿ ಹೋಳಿಗೆ. ಇಂದಿನ ರೋಸ್ ಶಾಸ್ತ್ರದಲ್ಲಿ ವೊವಿಯೊ ಹೇಳಬಲ್ಲ ಹಿರಿಯರು ಸಿಕ್ಕುವುದು ಕಡಿಮೆ. ಮೈಕು ಹಿಡಿದ ನಿರೂಪಕ, ಬೈಲಾ ಹಾಡು, ಕುಣಿತ ಆ ಜಾಗವನ್ನು ತುಂಬಿವೆ.

ತುಳುವರ ಕಡೆಯಿಂದ ಬರುವುದು ದೈವಗಳ ನೇಮದ ರಾತ್ರಿಯ ವಾಲಗ, ತಾಸೆ, ಡೋಲು. ದೈವ ಕಟ್ಟುವವರ ಮನೆಯ ಹೆಂಗಸರು ತೆಂಬರೆ ಬಾರಿಸಿಕೊಂಡು ಹೇಳುವ ಕಥನಗೀತೆ, ಪಾಡ್ದನ, ಮಾತ್ರ ಅಷ್ಟು ದೂರ ಕೇಳಿಸುವುದಿಲ್ಲ, ಹತ್ತಿರ ಹೋಗಿ ನಿಂತವರಿಗಷ್ಟೇ ಅದು ದಕ್ಕುವುದು. ಗದ್ದೆಯಲ್ಲಿ ನೇಜಿ ನೆಡುವಾಗ ಹಾಡುತ್ತಿದ್ದ ಪಾಡ್ದನಗಳು ನಗರ ಬೆಳೆದು ಗದ್ದೆ ಮಾಯವಾದಂತೆ ಈ ಭಾಗದಲ್ಲಿ ಸುಮ್ಮನಾದವು. ಆ ಸಂಪತ್ತು ಎಷ್ಟು ದೊಡ್ಡದೆಂಬುದಕ್ಕೆ ಅಳತೆ ಬೇಕಿದ್ದರೆ ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರ ಸಿರಿ ಪಾಡ್ದನವಿದೆ. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರೊಂದಿಗೆ 1990ರಲ್ಲಿ ಅದನ್ನು ಧ್ವನಿಮುದ್ರಿಸಿಕೊಂಡು 1998ರಲ್ಲಿ ಪ್ರಕಟಿಸಿದರು. ಅದರಲ್ಲಿರುವ ಸಾಲುಗಳು 15,683. ಒಬ್ಬ ಕೃಷಿಕನ ನೆನಪಿನಿಂದ ಬಂದ ಹಾಡು ಅದು.

ನವರಾತ್ರಿ ಬಂದರೆ ಹುಲಿವೇಷದ ತಾಸೆ. ಮಾತಿಲ್ಲದ, ರಾಗವಿಲ್ಲದ ಆ ಪೆಟ್ಟನ್ನು ಹಾಡೆನ್ನಬಹುದೇ ಎಂಬ ಪ್ರಶ್ನೆ ಸಂಗೀತ ಶಾಸ್ತ್ರದವರಿಗೆ ಇರಲಿ. ಮಂಗಳೂರಿನ ಮಕ್ಕಳ ಮೆಚ್ಚಿನ ಸಂಗೀತದಲ್ಲಿ ಮೊದಲ ಸ್ಥಾನ ಅದರದೇ.

ಹೀಗೆ ಕಿವಿಗೆ ಬೀಳುವುದಕ್ಕೆ ಈಗ ಗಡಿಯಾರದ ಕಟ್ಟೂ ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕಕ್ಕೆ ತಡೆ ಹಾಕಿವೆ. ಇಡೀ ರಾತ್ರಿ ನಡೆಯುತ್ತಿದ್ದ ಬಯಲಾಟಗಳು ಇತ್ತೀಚಿನ ವರ್ಷಗಳಲ್ಲಿ ಒಂದೊಂದಾಗಿ ಕಾಲಮಿತಿಗೆ ಬಂದುದಕ್ಕೆ ಇದೂ ಒಂದು ಕಾರಣ. ನಿದ್ದೆಯ ನಡುವೆ ದೂರದ ಚೆಂಡೆ ಕೇಳಿ, ಯಾವ ಪ್ರಸಂಗ, ಯಾವ ಭಾಗವತರು ಎಂದು ಮಲಗಿದಲ್ಲಿಂದಲೇ ಗುರುತಿಸುತ್ತಿದ್ದ ಕಿವಿಗಳಿಗೆ ಇದು ಸಣ್ಣ ನಷ್ಟವಲ್ಲ.

ಕೇಳಿ ಪಡೆಯುವ ಕಾಲ ಆರಂಭವಾದದ್ದು ರೇಡಿಯೋದಿಂದ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರ ನಡೆಸಿ ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂದಿತ್ತು. ಧಾರವಾಡ ಕೇಂದ್ರ 1950ರಲ್ಲಿ, ಬೆಂಗಳೂರು 1955ರಲ್ಲಿ, ಭದ್ರಾವತಿ 1965ರಲ್ಲಿ ಬಂದವು. ಮಂಗಳೂರಿನವರ ರೇಡಿಯೋ ಮುಳ್ಳು ಬಹುಕಾಲ ಈ ದೂರದ ಊರುಗಳ ನಡುವೆಯೇ ಓಡಾಡಿತು. ಮಧ್ಯಮ ತರಂಗಗಳನ್ನು ಹಗಲಿನಲ್ಲಿ ಮೇಲಿನ ವಾಯುಮಂಡಲದ ಒಂದು ಪದರ ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ತರಂಗಗಳು ಇನ್ನೂ ಮೇಲಿನ ಪದರಕ್ಕೆ ತಾಗಿ ದೂರದೂರಕ್ಕೆ ಪ್ರತಿಫಲಿಸುತ್ತವೆ. ಹಗಲಲ್ಲಿ ಕರಕರ ಎನ್ನುತ್ತಿದ್ದ ಕೇಂದ್ರ ರಾತ್ರಿ ಊಟದ ಹೊತ್ತಿಗೆ ನಿಚ್ಚಳವಾಗುತ್ತಿದ್ದುದರ ಗುಟ್ಟು ಇದು. ರೇಡಿಯೋವನ್ನು ತಿರುಗಿಸಿ, ಏರಿಯಲ್ಲಿನ ತಂತಿಯನ್ನು ಮಾಡಿನ ಪಕ್ಕಾಸಿಗೆ ಕಟ್ಟಿ, ಒಬ್ಬರು ಅದನ್ನು ಹಿಡಿದು ನಿಂತರೆ ಮಾತ್ರ ಹಾಡು ಬರುವ ಮನೆಗಳೂ ಇದ್ದವು. ಸೆಟ್ಟಿಗೆ ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಲೈಸೆನ್ಸಿನ ಹಣ ಕಟ್ಟಬೇಕಿತ್ತು. 1980ರ ದಶಕದ ಮಧ್ಯದಲ್ಲಿ ಆ ಪದ್ಧತಿ ನಿಂತಿತು.

ಸಿನಿಮಾ ಹಾಡಿನ ವಿಷಯದಲ್ಲಿ ಆಕಾಶವಾಣಿ ಮೊದಮೊದಲು ಉದಾರವಾಗಿರಲಿಲ್ಲ. 1952ರಲ್ಲಿ ಕೇಂದ್ರದ ವಾರ್ತಾ ಸಚಿವರಾದ ಬಿ.ವಿ. ಕೇಸ್ಕರ್ ಚಿತ್ರಗೀತೆಗಳಿಂದ ಜನರ ಅಭಿರುಚಿ ಕೆಡುತ್ತದೆಂದು ನಂಬಿದ್ದವರು. ಅವರ ಕಾಲದಲ್ಲಿ ಅವು ಆಕಾಶವಾಣಿಯಿಂದ ಬಹುಮಟ್ಟಿಗೆ ಕಣ್ಮರೆಯಾದವು. ಕೇಳುಗರು ಹಾಡನ್ನು ಬಿಡಲಿಲ್ಲ, ಕೇಂದ್ರವನ್ನು ಬಿಟ್ಟರು. ಸಮುದ್ರದಾಚೆಯ ರೇಡಿಯೋ ಸಿಲೋನ್‌ಗೆ ಮುಳ್ಳು ತಿರುಗಿತು. ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಅಲ್ಲಿ ಆರಂಭವಾದದ್ದೂ ಅದೇ 1952ರ ಕೊನೆಗೆ. ಸ್ವಲ್ಪ ಸಮಯ ಕನ್ನಡ ಚಿತ್ರಗೀತೆಗಳೂ ಅಲ್ಲಿಂದ ಬರುತ್ತಿದ್ದವು. ಕನ್ನಡದ ಹಾಡು ಕನ್ನಡ ನಾಡಿಗೆ ಲಂಕೆಯಿಂದ ಬರಬೇಕಾಯಿತೆಂಬುದು ಈಗ ಕೇಳಲು ವಿಚಿತ್ರ. ಕೊನೆಗೆ ಸರಕಾರವೇ ಇಳಿದು ಬಂದು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಆರಂಭಿಸಿತು. ಅಭಿರುಚಿ ತಿದ್ದುವ ಕೆಲಸ ಬಾನುಲಿಯಿಂದ ಆಗುವುದಕ್ಕೆ ಒಂದು ಮಿತಿಯಿದೆ ಎಂಬುದು ಆ ಐದು ವರ್ಷಗಳಲ್ಲಿ ರುಜುವಾತಾಯಿತು.

ಮಂಗಳೂರಿಗೆ ಸ್ವಂತ ಕೇಂದ್ರ ಬಂದದ್ದು 1976ರ ಡಿಸೆಂಬರ್ 11ರಂದು. ಸ್ಟುಡಿಯೋ ಕದ್ರಿ ಗುಡ್ಡದಲ್ಲಿ, ಮಧ್ಯಮ ತರಂಗದ ಪ್ರಸಾರ ಯಂತ್ರ ಉಡುಪಿಯಾಚೆಯ ಬ್ರಹ್ಮಾವರದಲ್ಲಿ. ಈಗಿನವರಿಗೆ ಅದು ಎಫ್.ಎಂ. 100.3. ಕನ್ನಡದ ಜೊತೆ ತುಳುವಿಗೂ ಕೊಂಕಣಿಗೂ ಅಲ್ಲಿ ವೇಳೆ ಸಿಕ್ಕಿತು. ಮನೆಯಲ್ಲಿ ಆಡುವ ಮಾತು ರೇಡಿಯೋ ಪೆಟ್ಟಿಗೆಯಿಂದ ಬಂದುದು ಆ ಭಾಷೆಗಳವರಿಗೆ ದೊಡ್ಡ ಸಂಗತಿ. ಗಡಿಯಾಚೆಯ ಕಾಸರಗೋಡು, ಮಂಜೇಶ್ವರಗಳ ಕನ್ನಡ ಮನೆಗಳಿಗೂ ಹತ್ತಿರದ ಕನ್ನಡ ಕೇಂದ್ರವೆಂದರೆ ಇದೇ.

ಕೋರಿಕೆಯ ಕಾರ್ಯಕ್ರಮಗಳಲ್ಲಿ ‘ಕೇಳು’ವಿನ ಎರಡೂ ಅರ್ಥ ಒಟ್ಟಾದವು. 1980ರ ದಶಕದಲ್ಲಿ 15 ಪೈಸೆಯ ಅಂಚೆ ಕಾರ್ಡು ಇದ್ದರೆ ಸಾಕು. ಹಾಡಿನ ಮೊದಲ ಸಾಲು, ಚಿತ್ರದ ಹೆಸರು, ಆಮೇಲೆ ಕೋರುವವರ ಹೆಸರುಗಳು: ಅಪ್ಪ, ಅಮ್ಮ, ಅಕ್ಕ, ಭಾವ, ನೆರೆಮನೆಯವರು, ಇನ್ನೂ ಮಾತು ಬಾರದ ತೊಟ್ಟಿಲ ಮಗು. ಒಂದೇ ಹಾಡಿಗೆ ಬಂದ ಕಾರ್ಡುಗಳನ್ನು ಕೇಂದ್ರದಲ್ಲಿ ಕಟ್ಟು ಮಾಡಿ, ಹಾಡಿಗೆ ಮುನ್ನ ಊರು ಹೆಸರುಗಳನ್ನು ಓದುತ್ತಿದ್ದರು. ಎಷ್ಟೋ ಸಲ ಹೆಸರಿನ ಪಟ್ಟಿ ಹಾಡಿನಷ್ಟೇ ಉದ್ದ. ಹಾಡನ್ನು ಎಲ್ಲರೂ ಮೊದಲೇ ಕೇಳಿದವರೇ. ಕಾದು ಕೂರುತ್ತಿದ್ದುದು ಹೆಸರಿಗಾಗಿ. ಹೆಸರು ಬಂದರೆ ಮಾರನೆಯ ದಿನ ಬಸ್ ಸ್ಟ್ಯಾಂಡಿನಲ್ಲಿ, ಮೀನಿನ ಮಾರ್ಕೆಟ್ಟಿನಲ್ಲಿ ನಾಲ್ಕು ಜನ ಹೇಳುತ್ತಿದ್ದರು. ಉತ್ತರದಲ್ಲಿ ಝುಮ್ರಿ ತಲೈಯಾ ಎಂಬ ಸಣ್ಣ ಊರು ಬರೇ ಕೋರಿಕೆಯ ಕಾರ್ಡುಗಳಿಂದಲೇ ದೇಶಕ್ಕೆಲ್ಲ ಪರಿಚಿತವಾಯಿತು. ಕರಾವಳಿಯಲ್ಲೂ ಕೆಲವು ಹಳ್ಳಿಗಳ ಹೆಸರು ಪೇಟೆಯವರಿಗೆ ಗೊತ್ತಾದದ್ದು ಹೀಗೆಯೇ. ಕರೆಂಟು ಹೋದಾಗಲೂ ಕೈಕೊಡದಂತೆ ಟ್ರಾನ್ಸಿಸ್ಟರಿಗೆ ಹೊಸ ಶೆಲ್ಲು ಹಾಕಿಟ್ಟುಕೊಳ್ಳುವುದು, ಹಳೆಯ ಶೆಲ್ಲನ್ನು ಬಿಸಿಲಿಗಿಟ್ಟು ಇನ್ನೆರಡು ದಿನ ಎಳೆಯುವುದು ಆ ಕಾಲದ ಕೇಳುಗನ ಶಿಸ್ತು.

ಆ ಕಾರ್ಡುಗಳಲ್ಲಿ ತುಳು ಚಿತ್ರಗೀತೆಗಳಿಗೆ ವಿಶೇಷ ಸ್ಥಾನ. ಮೊದಲ ತುಳು ಚಿತ್ರ ‘ಎನ್ನ ತಂಗಡಿ’ ತೆರೆಗೆ ಬಂದದ್ದು 1971ರಲ್ಲಿ. ಮರುವರ್ಷ ‘ಪಗೆತ ಪುಗೆ’, 1973ರಲ್ಲಿ ವಿಶುಕುಮಾರರ ‘ಕೋಟಿ ಚೆನ್ನಯ’. ಚಿತ್ರಗಳು ಕೆಲವೇ, ಹಾಡುಗಳೂ ಕೆಲವೇ, ಆದ್ದರಿಂದ ಒಂದೊಂದನ್ನೂ ಜನ ತಿರುಗಿ ತಿರುಗಿ ಕೇಳಿದರು. ‘ಪಗೆತ ಪುಗೆ’ಗೆ ಹಾಡಿದ ಪಿ.ಬಿ. ಶ್ರೀನಿವಾಸ್ ಕಾಕಿನಾಡದವರು. ರಾಜ್‌ಕುಮಾರರ ದನಿಯೆಂದು ಕನ್ನಡಿಗರು ಒಪ್ಪಿಕೊಂಡಿದ್ದ ಆ ಮೆಲುದನಿ ತುಳುವಿನಲ್ಲೂ ಪರಕೀಯ ಅನ್ನಿಸಲಿಲ್ಲ. ಐವತ್ತು ವರ್ಷ ಕಳೆದರೂ ಆರ್ಕೆಸ್ಟ್ರಾದವರು ಕರಾವಳಿಯಲ್ಲಿ ವೇದಿಕೆ ಏರಿದರೆ ಆ ಚಿತ್ರದ ಪ್ರೇಮಗೀತೆಗೆ ಚೀಟಿ ಬಂದೇ ಬರುತ್ತದೆ.

ಕದ್ರಿಯ ಸ್ಯಾಕ್ಸೊಫೋನಿನ ಕಥೆಗೆ ಬೇರೆಯೇ ಜಾಗ ಬೇಕು. ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಹಕ್ಕುಪತ್ರ ಪಡೆದ ಈ ಹಿತ್ತಾಳೆಯ ವಾದ್ಯ ಭಾರತಕ್ಕೆ ಬಂದದ್ದು ಸೇನೆಯ ಮತ್ತು ಅರಮನೆಯ ಬ್ಯಾಂಡುಗಳ ಮೂಲಕ. ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರ ಡಿಸೆಂಬರ್ 6ರಂದು ಹುಟ್ಟಿದ ಗೋಪಾಲನಾಥರ ತಂದೆ ತನಿಯಪ್ಪ ನಾಗಸ್ವರದವರು; ಮಗನೂ ಅದನ್ನೇ ಕಲಿತ. ಮೈಸೂರಿನ ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿದ ಮೇಲೆ ಮನಸ್ಸು ಅದರ ಕಡೆ ಹೊರಳಿತು. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್, ಆಮೇಲೆ ಮದರಾಸಿನ ಟಿ.ವಿ. ಗೋಪಾಲಕೃಷ್ಣನ್ ಗೋಪಾಲನಾಥರ ಗುರುಗಳು.

ತೊಡಕು ವಾದ್ಯದಲ್ಲೇ ಇತ್ತು. ಸ್ಯಾಕ್ಸೊಫೋನಿನಲ್ಲಿ ತೂತುಗಳ ಮೇಲೆ ಬೆರಳು ಕೂರುವುದಿಲ್ಲ, ಕೀಲಿಗಳು ಕೂರುತ್ತವೆ. ಒಂದು ಕೀಲಿ ಒತ್ತಿದರೆ ಒಂದು ಸ್ವರ, ಇನ್ನೊಂದಕ್ಕೆ ಇನ್ನೊಂದು. ಮೆಟ್ಟಿಲು ಹತ್ತಿದ ಹಾಗೆ. ಕರ್ನಾಟಕ ಸಂಗೀತದ ಜೀವವಿರುವುದು ಮೆಟ್ಟಿಲುಗಳ ನಡುವಿನ ಜಾರುಹಾದಿಯಲ್ಲಿ, ಗಮಕದಲ್ಲಿ. ನಾಗಸ್ವರದಲ್ಲಿ ತೂತನ್ನು ಅರೆಬರೆ ಮುಚ್ಚಿ ಗಮಕ ತೆಗೆಯಬಹುದು, ಇಲ್ಲಿ ಅದಕ್ಕೆ ಆಸ್ಪದವಿಲ್ಲ. ತುಟಿಯ ಬಿಗಿ, ಉಸಿರಿನ ಒತ್ತಡ, ನಾಲಗೆಯ ಚಲನೆ ಇವುಗಳಿಂದ ಸ್ವರವನ್ನು ಬಾಗಿಸುವುದನ್ನು ಗೋಪಾಲನಾಥರು ವರ್ಷಗಟ್ಟಲೆ ಸಾಧಿಸಿದರು, ಕೀಲಿಗಳ ವ್ಯವಸ್ಥೆಯಲ್ಲೂ ತಮಗೆ ಬೇಕಾದ ಬದಲಾವಣೆ ಮಾಡಿಕೊಂಡರು. 1980ರ ಬೊಂಬಾಯಿ ಜಾಝ್ ಉತ್ಸವದಲ್ಲಿ ಅಮೆರಿಕದ ಜಾಝ್ ವಾದಕ ಜಾನ್ ಹ್ಯಾಂಡಿಯವರು ಗೋಪಾಲನಾಥರ ವಾದನ ಕೇಳಿ ಜೊತೆಗೂಡಿ ನುಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಪ್ರಾಮ್ಸ್ ಕಛೇರಿ. ಅದೇ ವರ್ಷ ಕೆ. ಬಾಲಚಂದರ್ ಅವರ ತಮಿಳು ಚಿತ್ರ ‘ಡ್ಯುಯೆಟ್’ನಲ್ಲಿ ಎ.ಆರ್. ರೆಹಮಾನ್ ಸಂಗೀತಕ್ಕೆ ಅವರ ವಾದನ. ಶಾಸ್ತ್ರೀಯ ಕಛೇರಿಯ ಹತ್ತಿರವೂ ಸುಳಿಯದವರ ಮೆಚ್ಚಿನ ಪಟ್ಟಿಗೆ ಅವರು ಸೇರಿದ್ದು ಆ ಚಿತ್ರದ ಕ್ಯಾಸೆಟ್ಟಿನಿಂದ. 2004ರಲ್ಲಿ ಪದ್ಮಶ್ರೀ ಬಂತು, 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು.

ಅವರ ಕೀರ್ತಿಗಿಂತ ಹೆಚ್ಚು ಬಾಳಿಕೆ ಬರುವ ಸಂಗತಿ ಇನ್ನೊಂದಿದೆ. ಕರಾವಳಿಯ ವಾಲಗದ ಮೇಳಗಳಲ್ಲಿ ನಾಗಸ್ವರದ ಪಕ್ಕಕ್ಕೆ, ಎಷ್ಟೋ ಕಡೆ ಅದರ ಜಾಗಕ್ಕೇ, ಸ್ಯಾಕ್ಸೊಫೋನ್ ಬಂದು ನಿಂತಿದೆ. ದೇವರ ಬಲಿ, ನೇಮ, ಮದುವೆಯ ದಿಬ್ಬಣ ಎಲ್ಲದಕ್ಕೂ ಅದೇ. ಯುವತಿಯರೂ ಈ ಕಸುಬಿಗೆ ಬಂದಿದ್ದಾರೆ. ಧಾರೆಗೆ ಮುನ್ನ ತ್ಯಾಗರಾಜರ ಕೀರ್ತನೆ, ಊಟದ ಹೊತ್ತಿಗೆ ದಾಸರ ಪದ, ಊಟ ಇಳಿದ ಮೇಲೆ ಸಿನಿಮಾ ಹಾಡು ಎಂಬ ಅನುಕ್ರಮ ಮದುವೆ ಹಾಲುಗಳಲ್ಲಿ ರೂಢಿಯಾಗಿದೆ. ಹೊರಗಿನಿಂದ ಬಂದವರು ದೈವದ ಮುಂದೆ ಸ್ಯಾಕ್ಸೊಫೋನ್ ಕಂಡು ಬೆರಗಾಗುತ್ತಾರೆ. ಇಲ್ಲಿನ ಮಕ್ಕಳು ಜಾಝ್ ಬ್ಯಾಂಡಿನಲ್ಲಿ ಅದನ್ನು ಕಂಡು, ವಾಲಗದ ವಾದ್ಯ ಅಲ್ಲಿಗೆ ಹೇಗೆ ಹೋಯಿತೆಂದು ಕೇಳಿದರೆ ಆಶ್ಚರ್ಯವಿಲ್ಲ.

ಕ್ಯಾಸೆಟ್ ಬಂದ ಮೇಲೆ ಮೆಚ್ಚಿನ ಹಾಡಿಗಾಗಿ ಕಾಯುವ ಕೆಲಸ ಮುಗಿಯಿತು. ಫಿಲಿಪ್ಸ್ ಕಂಪೆನಿ 1963ರಲ್ಲಿ ಹೊರತಂದ ಈ ಪುಟ್ಟ ಪೆಟ್ಟಿಗೆ ಭಾರತದ ಮನೆಮನೆ ಹೊಕ್ಕದ್ದು 1980ರ ದಶಕದಲ್ಲಿ. ಮಂಗಳೂರಿಗೆ ಅದು ಸ್ವಲ್ಪ ಬೇಗ ಬಂತೆನ್ನಬೇಕು. ಬೊಂಬಾಯಿ ಹೋಟೆಲುಗಳಲ್ಲಿ ದುಡಿದವರು, ಕೊಲ್ಲಿ ದೇಶಗಳಿಗೆ ಹೋದವರು ರಜೆಯಲ್ಲಿ ಬರುವಾಗ ತರುತ್ತಿದ್ದ ವಸ್ತುಗಳಲ್ಲಿ ಟು-ಇನ್-ವನ್ ಮುಖ್ಯ. ಕನ್ನಡದಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ 1978ರಲ್ಲಿ ಬಂದು ಭಾವಗೀತೆಗೆ ಹೊಸ ಕೇಳುಗರನ್ನು ಕೊಟ್ಟಿತು. ಅವರಿಗಿಂತ ಮೊದಲೇ ಕವಿತೆಯನ್ನು ಹಾಡಾಗಿಸಿದ ಪಿ. ಕಾಳಿಂಗರಾಯರು (1914–1981) ಕರಾವಳಿಯ ಆರೂರಿನವರೆಂಬುದನ್ನು ಇಲ್ಲಿನ ಹಳಬರು ನೆನಪಿಸದೆ ಬಿಡುವುದಿಲ್ಲ.

ಯಕ್ಷಗಾನಕ್ಕೆ ಕ್ಯಾಸೆಟ್ ಮಾಡಿದ ಉಪಕಾರ ಎಲ್ಲಕ್ಕಿಂತ ದೊಡ್ಡದು. ಆಟ ಮುಗಿದರೆ ಪದವೂ ಗಾಳಿಗೆ ಹೋಗುತ್ತಿದ್ದ ಕಲೆ ಅದು. ಬಡಗುತಿಟ್ಟಿನ ಭಾಗವತ ಗುಂಡ್ಮಿ ಕಾಳಿಂಗ ನಾವಡರು 1990ರ ಮೇ 27ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಮೂವತ್ತೆರಡು ತುಂಬಿರಲಿಲ್ಲ. ಅವರನ್ನು ಕಣ್ಣಿಂದ ಕಾಣದ ತಲೆಮಾರು ಅವರ ಅಭಿಮಾನಿಯಾಗಿ ಬೆಳೆದದ್ದು ಕ್ಯಾಸೆಟ್ಟುಗಳಿಂದ. ತೆಂಕುತಿಟ್ಟಿನಲ್ಲಿ ಬಲಿಪ ನಾರಾಯಣ ಭಾಗವತರ (1938–2023) ಏರುಶ್ರುತಿಯ ದನಿಗೆ ಮೈಕಿನ ಹಂಗು ಇರಲಿಲ್ಲ. ಆ ದನಿಯ ಪೂರ್ತಿ ಎತ್ತರ ಕ್ಯಾಸೆಟ್ಟಿನ ಟೇಪಿನಲ್ಲಿ ಹಿಡಿಸಲಿಲ್ಲ ಎಂದು ಬಯಲಿನಲ್ಲಿ ಕೇಳಿದವರು ಈಗಲೂ ವಾದಿಸುತ್ತಾರೆ. ವಾದದಲ್ಲಿ ಹುರುಳಿದೆ. ಜಾಗಟೆಯ ಪೆಟ್ಟು, ಚೆಂಡೆಯ ಅಬ್ಬರ, ನಡುವೆ ಕೊರೆದುಕೊಂಡು ಬರುವ ಆ ಕಂಠ ಮೂರನ್ನೂ ಸಣ್ಣ ಸ್ಪೀಕರು ಒಂದೇ ಮಟ್ಟಕ್ಕೆ ಇಳಿಸಿಬಿಡುತ್ತದೆ.

ಪೇಟೆಯ ಅಂಗಡಿಗಳಲ್ಲಿ ಹಾಡು ತುಂಬಿಸಿಕೊಡುವ ವ್ಯಾಪಾರವೂ ಆಗ ಜೋರು. ಕಾಗದದಲ್ಲಿ ಪಟ್ಟಿ ಬರೆದು ಖಾಲಿ ಕ್ಯಾಸೆಟ್ ಕೊಟ್ಟರೆ ವಾರದಲ್ಲಿ ತಯಾರು. ಅರುವತ್ತು ನಿಮಿಷದ ಕ್ಯಾಸೆಟ್ಟಿಗೆ ಒಂದು ಬದಿಗೆ ಆರೋ ಏಳೋ ಹಾಡು. ಬದಿಯ ಕೊನೆಯ ಹಾಡು ಚರಣದ ನಡುವೆ ತುಂಡಾಗುವುದು ಸಾಮಾನ್ಯ, ಕೇಳಿ ಕೇಳಿ ಆ ತುಂಡೇ ಹಾಡಿನ ಸಹಜ ಅಂತ್ಯವೆಂಬಂತೆ ಕಿವಿಗೆ ಕೂತುಬಿಡುತ್ತಿತ್ತು. ಒಬ್ಬರ ರುಚಿಗೆ ತಕ್ಕ ಹಾಡುಗಳ ಸಂಗ್ರಹವನ್ನು ಇನ್ನೊಬ್ಬರಿಗೆ ಕೊಡುವ ಪದ್ಧತಿ ಹುಟ್ಟಿದ್ದು ಹೀಗೆ. ಮಸ್ಕತ್ತಿಗೋ ಕುವೈತಿಗೋ ಹೊರಟವರ ಚೀಲದಲ್ಲಿ ಉಪ್ಪಿನಕಾಯಿಯ ಜೊತೆಗೆ ಅಂಥದ್ದೊಂದು ಇರುತ್ತಿತ್ತು.

ಆ ಚೀಲಗಳಲ್ಲಿ ತಪ್ಪದೆ ಇದ್ದ ಹೆಸರು ವಿಲ್ಫಿ ರೆಬಿಂಬಸ್. 1942ರ ಏಪ್ರಿಲ್ 2ರಂದು ಹುಟ್ಟಿ 2010ರ ಮಾರ್ಚ್ 9ರಂದು ತೀರಿಕೊಂಡ ವಿಲ್ಫಿಯವರಿಗೆ ‘ಕೊಂಕಣ್ ಕೋಗುಳ್’ ಎಂಬ ಬಿರುದು. ಹಾಡು ಬರೆಯುವುದು, ರಾಗ ಹಾಕುವುದು, ಹಾಡುವುದು ಮೂರೂ ಅವರದೇ. ಪತ್ನಿ ಮೀನಾ ಜೊತೆಗೆ ಹಾಡುತ್ತಿದ್ದರು. ಅವರ ಸಂಗೀತ ರಾತ್ರಿಗಳಿಗೆ ‘ವಿಲ್ಫಿ ನೈಟ್’ ಎಂದೇ ಹೆಸರು. ಪ್ರೇಮ, ಹಾಸ್ಯ, ಊರು ಬಿಟ್ಟವರ ವಿರಹ ಅವರ ವಸ್ತು. ಭಾಷೆಯ ಗಡಿ ದಾಟಿ ನೆರೆಮನೆಯವರ ಬಾಯಿಗೂ ಅವರ ಪಲ್ಲವಿಗಳು ಬಂದುದಕ್ಕೆ ಕಾರಣ ರಾಗದ ಸರಳತೆ: ಎರಡನೆಯ ಸಲ ಕೇಳುವಾಗಲೇ ಜೊತೆಗೂಡಿ ಹಾಡಬಹುದು.

ಬಿಕರ್ನಕಟ್ಟೆಯ ಬಗಲಿನ ಶಕ್ತಿನಗರದ ಕಲಾಂಗಣ ಈ ಪರಂಪರೆಗೆ ಇನ್ನೊಂದು ತಿರುವು ಕೊಟ್ಟಿತು. ಎರಿಕ್ ಒಝೇರಿಯೊ ಅವರ ಮುಂದಾಳು‌ತನದಲ್ಲಿ 1986ರಲ್ಲಿ ಹುಟ್ಟಿದ ಮಾಂಡ್ ಸೊಭಾಣ್ ಸಂಸ್ಥೆ, ಪಾಶ್ಚಾತ್ಯ ಮಟ್ಟುಗಳ ಕಡೆ ವಾಲಿದ್ದ ಕೊಂಕಣಿ ಹಾಡಿಗೆ ಗುಮಟೆಯ, ಹಳೆಯ ಜನಪದ ಮಟ್ಟುಗಳ ಬೇರು ತೋರಿಸಬೇಕೆಂದು ಹೊರಟಿತು. ತಿಂಗಳಿಗೊಂದರಂತೆ ಕಲಾಂಗಣದಲ್ಲಿ ನಡೆಯುವ ವೇದಿಕೆಯಲ್ಲಿ ನಾಟಕ, ಹಾಡು, ಕುಣಿತಗಳಿಗೆ ಸರದಿ. 2008ರ ಜನವರಿ 26 ಮತ್ತು 27ರಂದು ಅಲ್ಲಿ ‘ಕೊಂಕಣಿ ನಿರಂತರಿ’ ನಡೆಯಿತು: ತಂಡದ ಹಿಂದೆ ತಂಡ ಬಂದು 40 ಗಂಟೆ ಎಡೆಬಿಡದೆ ಕೊಂಕಣಿಯಲ್ಲಿ ಹಾಡಿ ಗಿನ್ನೆಸ್ ದಾಖಲೆ ಮಾಡಿದರು. ದಾಖಲೆಗಳು ಮುರಿಯಲೆಂದೇ ಇರುವಂಥವು. ಆದರೆ ಸಣ್ಣ ಸಮುದಾಯವೊಂದರ ಬಳಿ ಎರಡು ಹಗಲು ಒಂದು ರಾತ್ರಿಗೆ ಸಾಕಾಗಿ ಮಿಗುವಷ್ಟು ಹಾಡುಗಳಿವೆ ಎಂಬುದು ಆಗ ಎಲ್ಲರಿಗೂ ಕಂಡಿತು.

ಅದೇ ಹೊತ್ತಿನ ಆಸುಪಾಸಿನಲ್ಲಿ ಖಾಸಗಿ ಎಫ್.ಎಂ. ಕೇಂದ್ರಗಳು ಮಂಗಳೂರಿಗೆ ಬಂದವು. ಸಂತ ಅಲೋಶಿಯಸ್ ಕಾಲೇಜಿನ ಸಮುದಾಯ ಬಾನುಲಿ ‘ಸಾರಂಗ್’ 107.8ರಲ್ಲಿ ಕನ್ನಡ, ತುಳು, ಕೊಂಕಣಿಗಳ ಜೊತೆ ಬ್ಯಾರಿ ಭಾಷೆಗೂ ಜಾಗ ಮಾಡಿತು. ಕಾರ್ಡಿನ ಬದಲು ಫೋನಿನ ಕೋರಿಕೆ ಬಂತು. ಅದೂ ಹೆಚ್ಚು ಕಾಲ ನಿಲ್ಲಲಿಲ್ಲ. ಮೊಬೈಲಿಗೆ ಮೆಮರಿ ಕಾರ್ಡು, ಕಾರ್ಡಿಗೆ ಅಂಗಡಿಯಲ್ಲಿ ಸಾವಿರ ಹಾಡು, ಆಮೇಲೆ ಯೂಟ್ಯೂಬ್. ಹಂತಗಳು ಎಷ್ಟು ಬೇಗ ಕಳೆದವೆಂದರೆ ಒಂದೊಂದಕ್ಕೂ ನೆನಪು ಕಟ್ಟಿಕೊಳ್ಳಲು ಸಮಯವೇ ಸಿಗಲಿಲ್ಲ. ಸಿಟಿ ಬಸ್ಸು ಮಾತ್ರ ಹಳೆಯ ಧರ್ಮ ಬಿಟ್ಟಿಲ್ಲ. ಸ್ಟೇಟ್‌ಬ್ಯಾಂಕಿನಿಂದ ಕುಲಶೇಖರದ ಕಡೆ ಹೋಗುವ ಬಸ್ಸಿನಲ್ಲಿ ಹಾಡು ಇದ್ದರೆ ಡ್ರೈವರನ ಮೆಚ್ಚಿನ ಹಾಡೇ ಎಲ್ಲರ ಹಾಡು.

ಇತ್ತೀಚೆಗೆ ಇಲ್ಲಿನ ಫೋನುಗಳಲ್ಲಿ ತಿರುಗುತ್ತಿರುವ ಹಾಡುಗಳನ್ನು ನೋಡಿದರೆ ಒಂದು ವಿಶೇಷ ಕಾಣುತ್ತದೆ: ಮೊದಲು ಅಂಗಳದಿಂದ ಕಿವಿಗೆ ಬೀಳುತ್ತಿದ್ದದ್ದೇ ಈಗ ಸಿನಿಮಾದ ಮೂಲಕ ತಿರುಗಿ ಬರುತ್ತಿದೆ. 2021ರ ‘ಗರುಡ ಗಮನ ವೃಷಭ ವಾಹನ’ ಮಂಗಳಾದೇವಿಯ ಕೇರಿಗಳ ಕಥೆ. ಅದರಲ್ಲಿ ಹುಲಿವೇಷದ ತಾಸೆಯೂ ಇದೆ, ಕರಾವಳಿಗೆ ಬಲು ದೂರದ ಮಲೆ ಮಹದೇಶ್ವರನ ಜನಪದ ಹಾಡೂ ಇದೆ. ಚಾಮರಾಜನಗರದ ಕಡೆಯ ಆ ಹಾಡನ್ನು ಮಂಗಳೂರಿನ ಹುಡುಗರು ತಮ್ಮದೆಂಬಂತೆ ಸ್ಟೇಟಸ್ಸಿಗೆ ಹಾಕಿಕೊಂಡರು. 2022ರ ‘ಕಾಂತಾರ’ದಲ್ಲಿ ಅಜನೀಶ್ ಲೋಕನಾಥರ ಸಂಗೀತ ಕೋಲದ ಕೂಗನ್ನೂ ವಾಲಗವನ್ನೂ ದೇಶದ ಚಿತ್ರಮಂದಿರಗಳಿಗೆ ಒಯ್ದಿತು. ಅದರ ಒಂದು ಹಾಡು ಕೇರಳದ ತೈಕ್ಕುಡಂ ಬ್ರಿಜ್ ತಂಡದ ರಚನೆಯನ್ನು ಹೋಲುತ್ತದೆಂಬ ವಿವಾದ ನ್ಯಾಯಾಲಯಕ್ಕೂ ಹೋಯಿತು. 2025ರ ‘ಸು ಫ್ರಮ್ ಸೋ’ ಚಿತ್ರ ಮದುವೆಯ ದೃಶ್ಯವೊಂದರ ತಮಾಷೆಗೆ ಹಳೆಯ ಹಾಡೊಂದನ್ನು ಬಳಸಿಕೊಂಡದ್ದೇ ತಡ, ತಾವು ಹುಟ್ಟುವ ಮೊದಲಿನ ಆ ಹಾಡನ್ನು ಶಾಲೆಯ ಮಕ್ಕಳೂ ಹಾಡತೊಡಗಿದರು.

ಯಕ್ಷಗಾನದ ಕೇಳುಗರ ವಾಟ್ಸಾಪ್ ಗುಂಪುಗಳದು ಬೇರೆಯೇ ಲೋಕ. ಪಟ್ಲ ಸತೀಶ್ ಶೆಟ್ಟರ ಪದ್ಯ ನಿನ್ನೆ ರಾತ್ರಿ ಬಯಲಿನಲ್ಲಿ ಆಗಿದ್ದರೆ ಬೆಳಗ್ಗೆ ಕಾಪಿ ಕುಡಿಯುವ ಮೊದಲು ದುಬಾಯಿಯಲ್ಲಿದೆ. ಯಾರೋ ಅಟ್ಟದಿಂದ ಇಳಿಸಿದ ಕ್ಯಾಸೆಟ್ಟುಗಳನ್ನು ಇನ್ಯಾರೋ ಕಂಪ್ಯೂಟರಿಗೆ ಏರಿಸಿ ಹಂಚುತ್ತಾರೆ. ಬೂಸಲು ಹಿಡಿದ ಟೇಪಿನ ಸಿಳ್ಳು, ಪ್ರೇಕ್ಷಕರ ಕೆಮ್ಮು, ದೂರದಲ್ಲೊಂದು ನಾಯಿ ಬೊಗಳಿದ್ದು ಎಲ್ಲ ಪದದ ಜೊತೆಗೇ ಬರುತ್ತವೆ. ದಿನಾಂಕ ಯಾವುದು, ಮದ್ದಳೆ ಯಾರದು, ಚೆಂಡೆ ಯಾರದು ಎಂದು ಕೆಳಗೆ ಚರ್ಚೆ ನಡೆಯುತ್ತದೆ.

ಆಕಾಶವಾಣಿಯ ಪ್ರಸಾರವೂ ಈಗ ಮೊಬೈಲಿನ ಆ್ಯಪಿನಲ್ಲಿ ಸಿಗುತ್ತದೆ. ಕುವೈತಿನ ಕೋಣೆಯಲ್ಲಿ ಕುಳಿತವರಿಗೂ ಕದ್ರಿ ಗುಡ್ಡದ ಹಾಡು ಕೇಳಿಸುತ್ತದೆ, ಏರಿಯಲ್ ಹಿಡಿದು ಯಾರೂ ನಿಲ್ಲಬೇಕಾಗಿಲ್ಲ. ಕೋರಿಕೆಯ ವೇಳೆಯಲ್ಲಿ ಹೆಸರು, ಊರು ಹೇಳುವ ಕ್ರಮ ಮಾತ್ರ ಮೊದಲಿನಂತೆಯೇ ಇದೆ: ಹಾಡಿನ ಮುಂಚೆ ಅಪ್ಪ, ಅಮ್ಮ, ಅಕ್ಕ, ಭಾವ, ನೆರೆಮನೆಯವರು.